ಕೌದಿ: ಬಟ್ಟೆಯ ಆಯ್ಕೆ, ಹೊಲಿಗೆ, ಪರಂಪರೆ

ಹಳೆಯ ಸೀರೆ, ಧೋತರ, ಅಂಗಿ, ಲಂಗಗಳ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ಎಲ್ಲ ಪದರಗಳೂ ಸೇರುವಂತೆ ಕೈಯಿಂದ ಹೊಲಿದ ಹಾಸಿಗೆ ಅಥವಾ ಹೊದಿಕೆಯೇ ಕೌದಿ. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ರಾಯಚೂರು, ಕಲಬುರಗಿ ಸೀಮೆಗಳಲ್ಲಿ ಇದು ಮನೆಮನೆಯ ಸಾಮಾನು. ಕವುದಿ, ಕವದಿ ಎಂದೂ ಹೇಳುತ್ತಾರೆ. ಇದೇ ಕುಲಕ್ಕೆ ಸೇರಿದ ಹೊದಿಕೆಯನ್ನು ಮರಾಠಿ ಸೀಮೆಯಲ್ಲಿ ಗೋಧಡಿ, ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ, ಸಿಂಧ್ ಮತ್ತು ಅದರ ನೆರೆಯ ಪ್ರದೇಶಗಳಲ್ಲಿ ರಲ್ಲಿ ಎಂದು ಕರೆಯುತ್ತಾರೆ. ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿ ಇದರ ಸೋದರ ವಸ್ತು ಕ್ವಿಲ್ಟ್.

ಕಂಬಳಿಯನ್ನು ಉಣ್ಣೆಯಿಂದ ನೇಯುತ್ತಾರೆ. ಗಾದಿ ಮತ್ತು ರಜಾಯಿಗಳಿಗೆ ಹತ್ತಿ ತುಂಬಬೇಕು. ಆ ಹತ್ತಿಯನ್ನು ಹಿಂಜಿ ಹದ ಮಾಡಲು ಉತ್ತರ ಕರ್ನಾಟಕದಲ್ಲಿ ಪಿಂಜಾರರು, ಅಂದರೆ ನದಾಫರು, ಬಿಲ್ಲು ಹಿಡಿದು ಬರುತ್ತಿದ್ದರು. ಕೌದಿಗೆ ಮಗ್ಗವೂ ಬೇಡ, ಹಿಂಜಿದ ಹತ್ತಿಯೂ ಬೇಡ. ಮನೆಯಲ್ಲಿ ಉಟ್ಟು ಸವೆದ ಬಟ್ಟೆ, ಸೂಜಿ, ದಾರ ಇಷ್ಟಿದ್ದರೆ ಸಾಕು. ಬಟ್ಟೆಯ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ; ಕೌದಿ ಬೆಚ್ಚಗಿರುವುದು ಇದರಿಂದ. ಹೊಲಿಗೆ ದಟ್ಟವಾದಷ್ಟೂ ಪದರಗಳು ಒಂದಕ್ಕೊಂದು ಅಮುಕಿಕೊಂಡು ಗಾಳಿಯ ಪ್ರಮಾಣ ಕಡಿಮೆಯಾಗುತ್ತದೆ, ಬಾಳಿಕೆ ಮಾತ್ರ ಹೆಚ್ಚುತ್ತದೆ. ಬಯಲುಸೀಮೆಯ ಕೌದಿ ಹೊಲಿಯುವವರು ಸಾಮಾನ್ಯವಾಗಿ ಬಾಳಿಕೆಯ ಕಡೆಗೇ ವಾಲುತ್ತಾರೆ. ಅವರು ಮಾಡುವುದು ನೆಲದ ಮೇಲೆ ಹಾಸುವ, ಅಂಗಳದಲ್ಲಿ ಮಡಿಸಿ ಕೂರುವ, ವರ್ಷಕ್ಕೆ ಹಲವು ಸಲ ಕಲ್ಲಿಗೆ ಬಡಿದು ಒಗೆಯುವ ವಸ್ತು. ದಪ್ಪನೆಯ ರಜಾಯಿಯನ್ನು ಹಾಗೆ ಒಗೆಯಲಾಗುವುದಿಲ್ಲ.

ಕೌದಿಯ ಅಳತೆಯನ್ನು ನಿರ್ಧರಿಸುವುದು ಸೀರೆ. ಸುಮಾರು ಐದೂವರೆ ಮೀಟರ್ ಉದ್ದ, ಒಂದೂಕಾಲು ಮೀಟರಿಗೆ ತುಸು ಕಡಿಮೆ ಅಗಲ ಇರುವ ಸೀರೆಯನ್ನು ನಡುವೆ ಮಡಿಸಿದರೆ ಒಬ್ಬರು ಮಲಗುವಷ್ಟು ಜಾಗದ ಎರಡು ಪದರ ಸಿಗುತ್ತದೆ. ಅದನ್ನೇ ನಡುವೆ ಕತ್ತರಿಸಿ ಎರಡು ತುಂಡನ್ನೂ ಅಂಚಿಗೆ ಅಂಚು ಜೋಡಿಸಿದರೆ ಇಬ್ಬರು ಮೂವರಿಗೆ ಸಾಲುವಷ್ಟು ಅಗಲದ ಒಂದು ಪದರ ಆಗುತ್ತದೆ. ಹೀಗೆ ದೊಡ್ಡ ಕೌದಿಗೆ ನಾಲ್ಕೈದು ಸೀರೆ ಬೇಕು, ತೊಟ್ಟಿಲ ಕೌದಿಗೆ ಒಂದೇ ಸೀರೆ ಮಿಕ್ಕೀತು.

ಬಟ್ಟೆಯ ಆಯ್ಕೆಯೇ ಕೌದಿಯ ಅರ್ಧ ಕೆಲಸ. ಹೊಲಿಗೆ ಒಂದೇ ಬಗೆಯದು, ಅದನ್ನು ಯಾರೂ ಕಲಿಯಬಹುದು. ಒಬ್ಬರ ಕೌದಿಯನ್ನು ಇನ್ನೊಬ್ಬರ ಕೌದಿಯಿಂದ ಬೇರೆ ಮಾಡುವುದು ಯಾವ ಬಟ್ಟೆಯನ್ನು ಎಲ್ಲಿ ಇಟ್ಟರು ಎಂಬುದು. ಹೊಲಿಯುವವರ ಮನೆಯಲ್ಲಿ ಹಳೆಯ ಬಟ್ಟೆಯ ಗಂಟು ಒಂದು ಇರುತ್ತದೆ. ಹರಿದ ಸೀರೆ, ಮಕ್ಕಳಿಗೆ ಗಿಡ್ಡವಾದ ಅಂಗಿ, ದರ್ಜಿಯ ಅಂಗಡಿಯಿಂದ ತಂದ ಚೂರು, ಕುಪ್ಪಸಕ್ಕೆ ಕತ್ತರಿಸಿ ಉಳಿದ ಖಣ ಎಲ್ಲವೂ ವರ್ಷಗಟ್ಟಲೆ ಅದರಲ್ಲಿ ಕೂಡುತ್ತ ಹೋಗುತ್ತವೆ. ಕೌದಿ ಹಾಕುವ ದಿನ ಗಂಟು ಬಿಚ್ಚಿ ನೆಲದ ಮೇಲೆ ಸುರಿದಾಗ, ಇದು ಯಾರ ಮದುವೆಯ ಸೀರೆ, ಅದು ಯಾವ ಪಂಚಮಿಗೆ ತಂದ ಲಂಗ ಎಂಬ ಮಾತು ಏಳುತ್ತದೆ. ಹೊಲಿಗೆಯ ಸಂತೋಷ ಎಂದು ಹೇಳುವುದರಲ್ಲಿ ದೊಡ್ಡ ಪಾಲು ಈ ಆರಿಸುವ ಹೊತ್ತಿಗೆ ಸೇರಿದ್ದು. ಮುಂದಿನ ದಿನಗಳ ಹೊಲಿಗೆಯಲ್ಲಿ ಬೆನ್ನು ನೋವೂ ಇದೆ.

ಕೌದಿಗೆ ಒಗ್ಗುವುದು ಹತ್ತಿ ಬಟ್ಟೆ, ಅದರಲ್ಲೂ ಹಳೆಯ ಹತ್ತಿ ಬಟ್ಟೆ. ಹಲವು ವರ್ಷ ಉಟ್ಟು ಒಗೆದ ಸೀರೆಯ ಗಂಜಿ ಪೂರ್ತಿ ಹೋಗಿರುತ್ತದೆ, ಆದ್ದರಿಂದ ನಾಲ್ಕಾರು ಪದರ ಸೇರಿದರೂ ಸೂಜಿ ಸಲೀಸಾಗಿ ಇಳಿಯುತ್ತದೆ. ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ, ಬಿಡಬೇಕಾದ ಬಣ್ಣವನ್ನು ಬಿಟ್ಟಿರುತ್ತದೆ. ಹೊಸ ಬಟ್ಟೆಯಲ್ಲಿ ಈ ಮೂರೂ ತೊಡಕು. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ. ಕುಗ್ಗುವ ತುಂಡೂ ಕುಗ್ಗದ ತುಂಡೂ ಅಕ್ಕಪಕ್ಕ ಕೂತರೆ ಮೊದಲ ಒಗೆತದಲ್ಲೇ ಕೌದಿ ಸುಕ್ಕುಗಟ್ಟುತ್ತದೆ. ಹೊಸ ಬಟ್ಟೆ ಬಳಸುವವರು ಅದನ್ನು ಮೊದಲು ನೆನೆಸಿ, ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಂಡೇ ಕತ್ತರಿ ಹಿಡಿಯಬೇಕು. ಬಣ್ಣ ನಿಲ್ಲುತ್ತದೋ ಇಲ್ಲವೋ ತಿಳಿಯಲು ಒದ್ದೆ ಮಾಡಿದ ಬಿಳಿ ಅರಿವೆಯಿಂದ ಉಜ್ಜಿ ನೋಡಬಹುದು. ಕಡುಕೆಂಪು ಮತ್ತು ಕಡುನೀಲಿ ಬಟ್ಟೆಗಳ ಮೇಲೆ ಯಾವಾಗಲೂ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು. ನೀರಿಗೆ ಉಪ್ಪು ಹಾಕಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆಂಬ ನಂಬಿಕೆ ಎಲ್ಲೆಡೆ ಇದೆ. ಬಣ್ಣ ಹಾಕುವ ಹಂತದಲ್ಲಿ ಉಪ್ಪಿಗೆ ಕೆಲಸವಿದೆ, ಅಂಗಡಿಯಿಂದ ಬಂದ ಬಟ್ಟೆಗೆ ಅದರಿಂದ ಪ್ರಯೋಜನವಿಲ್ಲ.

ಹಳೆಯ ಸೀರೆ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಕೂರುವ ಭಾಗ ಮತ್ತು ಕಾಲಿಗೆ ತಾಗುವ ಕೆಳಗಿನ ಅಂಚು ಮೊದಲು ಹೋಗುತ್ತವೆ; ಸೆರಗು ಮತ್ತು ಮೇಲಂಚು ಬಹಳ ಕಾಲ ಗಟ್ಟಿ ಇರುತ್ತವೆ. ಬಟ್ಟೆಯನ್ನು ಬೆಳಕಿಗೆ ಹಿಡಿದರೆ ತೆಳುವಾದ ಜಾಗ ತಾನಾಗಿ ಕಾಣುತ್ತದೆ. ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ಪರ್ ಎಂದು ಹರಿಯುವ ತುಂಡು ಒಳಪದರಕ್ಕೆ ಹೋಗಬೇಕು, ಎಳೆತ ತಡೆದದ್ದು ಮೇಲಕ್ಕೆ ಬರಬೇಕು. ನೇಯ್ಗೆಯ ದಿಕ್ಕನ್ನೂ ಗಮನಿಸುತ್ತಾರೆ. ಹಾಸಿನ ಎಳೆಯ ದಿಕ್ಕಿಗೆ ಬಟ್ಟೆ ಹಿಗ್ಗುವುದಿಲ್ಲ, ಹೊಕ್ಕಿನ ದಿಕ್ಕಿಗೆ ಸ್ವಲ್ಪ ಹಿಗ್ಗುತ್ತದೆ, ಓರೆಯಾಗಿ ಎಳೆದರೆ ತುಂಬ ಹಿಗ್ಗುತ್ತದೆ. ಓರೆಯಾಗಿ ಕತ್ತರಿಸಿದ ತುಂಡಿನ ಅಂಚು ಹೊಲಿಯುವಾಗ ಅಲೆಯಾಗಿ ಏಳುವುದು ಇದೇ ಕಾರಣಕ್ಕೆ. ಅನುಭವವಿರುವವರು ಚೌಕಗಳನ್ನು ಎಳೆ ಹಿಡಿದು ನೇರಕ್ಕೆ ಹರಿಯುತ್ತಾರೆ, ಕತ್ತರಿಗೆ ಕೈ ಹಾಕುವುದೇ ಇಲ್ಲ.

ತೂಕ ಹೊಂದದ ಬಟ್ಟೆಗಳ ಜೋಡಿ ಬಹುಬೇಗ ಕೆಡುತ್ತದೆ. ಜೀನ್ಸ್ ಬಟ್ಟೆಯ ಪಕ್ಕ ಮಲ್ ಬಟ್ಟೆ ಇಟ್ಟರೆ ದಪ್ಪದ್ದು ತೆಳುವಾದದ್ದನ್ನು ಎಳೆದು ಹರಿಯುತ್ತದೆ. ನೈಲಾನ್, ಟೆರಿಲಿನ್, ಪಾಲಿಯೆಸ್ಟರ್ ಸೀರೆಗಳು ಜಾರುತ್ತವೆ, ಬೆವರು ಹೀರುವುದಿಲ್ಲ, ಹತ್ತಿಯ ಮೇಲೆ ಕೂರಿಸಿದರೆ ಅಂಚು ಸುರುಟಿಕೊಳ್ಳುತ್ತದೆ. ಬಣ್ಣ ಮಾತ್ರ ಮಾಸುವುದಿಲ್ಲ. ಹಾಗಾಗಿ ಈಚಿನ ಕೌದಿಗಳಲ್ಲಿ ಅವುಗಳದೇ ಮೆರೆದಾಟ. ಹಳೆಯ ರೇಷ್ಮೆ ನೋಡಲು ಚೆಂದ, ಮಡಿಕೆಯ ಗೆರೆಯುದ್ದಕ್ಕೂ ಬಿರಿಯುವ ಗುಣ ಅದಕ್ಕಿದೆ. ಜರಿಯಂಚು ಎಳೆಮಗುವಿನ ಚರ್ಮಕ್ಕೆ ಚುಚ್ಚುತ್ತದೆ. ತೊಟ್ಟಿಲ ಕೌದಿಗೆ ಅಜ್ಜನ ಧೋತರ, ಅಜ್ಜಿಯ ಸೀರೆ ಆರಿಸುವ ವಾಡಿಕೆಯನ್ನು ಹಿರಿಯರ ಆಶೀರ್ವಾದವೆಂದು ವಿವರಿಸುತ್ತಾರೆ. ಮನೆಯಲ್ಲಿ ಅತಿ ಮೆತ್ತಗಾದ ಬಟ್ಟೆಯೂ ಅದೇ ಆಗಿರುತ್ತದೆ.

ಬಣ್ಣಗಳನ್ನು ಕೂಡಿಸುವಾಗ ಯಾವ ಬಣ್ಣ ಎಂಬುದಕ್ಕಿಂತ ಎಷ್ಟು ತಿಳಿ, ಎಷ್ಟು ಗಾಢ ಎಂಬುದು ಹೆಚ್ಚು ಮುಖ್ಯ. ತಿಳಿ ಮತ್ತು ಗಾಢ ತುಂಡುಗಳು ಅಕ್ಕಪಕ್ಕ ಬಂದರೆ ಮಾತ್ರ ಚೌಕ, ಪಟ್ಟೆ, ತ್ರಿಕೋನಗಳ ಆಕಾರ ದೂರದಿಂದ ಕಾಣುತ್ತದೆ. ಕೆಂಪು ಮತ್ತು ಹಸಿರು ಎರಡೂ ಒಂದೇ ಗಾಢತೆಯವಾದರೆ ಹತ್ತು ಅಡಿ ಹಿಂದೆ ಸರಿದಾಗ ಒಂದರೊಳಗೊಂದು ಬೆರೆತುಹೋಗುತ್ತವೆ. ತುಂಡುಗಳನ್ನು ಹರಡಿ, ಕಣ್ಣು ಕಿರಿದು ಮಾಡಿ ನೋಡಿದರೆ ಈ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ದೊಡ್ಡ ಹೂವಿನ ಬಟ್ಟೆಗಳೇ ತುಂಬಿದರೆ ಗದ್ದಲ, ಬರೀ ಸಾದಾ ಬಟ್ಟೆಯಾದರೆ ಸಪ್ಪೆ. ಚಿಕ್ಕ ಚುಕ್ಕಿ, ಗೆರೆ, ಚೌಕಳಿ ಬಟ್ಟೆಗಳು ಎರಡರ ನಡುವೆ ಸಂಧಾನ ಮಾಡಿಸುತ್ತವೆ. ಉತ್ತರ ಕರ್ನಾಟಕದವರಿಗೆ ಈ ವಿಷಯದಲ್ಲಿ ನೇಕಾರರು ಮೊದಲೇ ನೆರವಾಗಿದ್ದಾರೆ. ಇಳಕಲ್ ಸೀರೆಯ ಒಡಲು ಸಣ್ಣ ಚೌಕಳಿ, ಗೆರೆ ಅಥವಾ ಸಾದಾ ಬಣ್ಣದ್ದು. ದಾಳಿಂಬೆ ಕೆಂಪು, ಗಿಳಿಹಸಿರು, ನವಿಲಿನ ಬಣ್ಣಗಳು ಅದರಲ್ಲಿ ಹೆಚ್ಚು. ಸೆರಗು ಕೆಂಪು ನೆಲದ ಮೇಲೆ ಬಿಳಿಯ ವಿನ್ಯಾಸ. ಗುಳೇದಗುಡ್ಡದ ಖಣದಲ್ಲಿ ಹೊಳಪೂ ಚಿಕ್ಕ ಚಿಕ್ಕ ಬುಟ್ಟಾಗಳೂ ಇವೆ. ಒಡಲಿನ ಬಟ್ಟೆಯಿಂದ ಬಯಲು, ಅಂಚಿನಿಂದ ಚೌಕಟ್ಟು, ಸೆರಗು ಮತ್ತು ಖಣದಿಂದ ಕಣ್ಣು ಸೆಳೆಯುವ ನಡುಭಾಗ: ಈ ಹಂಚಿಕೆ ಹೆಚ್ಚು ಕಡಿಮೆ ತಾನಾಗಿಯೇ ಒದಗುತ್ತದೆ.

ಹೊಲಿಗೆಗೆ ತೊಡಗುವ ಮೊದಲು ನೆಲ ಗುಡಿಸಿ ಅಡಿಯ ಸೀರೆಯನ್ನು ಹಾಸುತ್ತಾರೆ. ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಸುಕ್ಕಿಲ್ಲದಂತೆ ಎಳೆದು ಮೂಲೆಗೆ ಕಲ್ಲು ಹೇರುತ್ತಾರೆ. ಒಳಪದರಗಳು ಅದರ ಮೇಲೆ ಬರುತ್ತವೆ. ಜರುಗದಂತೆ ಇಡೀ ಬಟ್ಟೆಗೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಳ್ಳುವುದುಂಟು. ಕೆಲಸ ಮುಗಿದ ಮೇಲೆ ಅದನ್ನು ಬಿಚ್ಚುತ್ತಾರೆ. ಮೇಲಿನ ತುಂಡುಗಳ ಅಂಚನ್ನು ಬೆರಳಿನಿಂದ ಒಳಗೆ ಮಡಿಸಿ, ಉಗುರಿನಿಂದ ಗೀರಿ ಕೂರಿಸಿ ಹೊಲಿಯುತ್ತಾರೆ. ಬಳಸುವುದು ಉದ್ದನೆಯ ಸೂಜಿ, ದಪ್ಪ ಹತ್ತಿ ದಾರ. ಹೊಲಿಗೆ ಸರಳವಾದ ಓಡುಹೊಲಿಗೆ: ಸೂಜಿ ಕೆಳಗೆ ಹೋಗಿ ಮೇಲೆ ಬರುತ್ತದೆ, ನಾಲ್ಕಾರು ಸಲ ಬಟ್ಟೆಯನ್ನು ಸೂಜಿಗೆ ಏರಿಸಿಕೊಂಡು ಒಮ್ಮೆಲೇ ದಾರ ಎಳೆಯುತ್ತಾರೆ. ಸಾಲಿನಿಂದ ಸಾಲಿಗೆ ಬೆರಳಗಲ ಅಂತರ. ದಾರವನ್ನು ಬಿಗಿಯಾಗಿ ಎಳೆದರೆ ಕೌದಿ ಮುದುಡುತ್ತದೆ, ಸಡಿಲ ಬಿಟ್ಟರೆ ಕಾಲ್ಬೆರಳಿಗೆ ಸಿಕ್ಕಿ ಕಿತ್ತು ಬರುತ್ತದೆ. ಗಂಟು ಹೊರಗೆ ಕಾಣದಂತೆ ಪದರಗಳ ನಡುವೆ ಸೇರಿಸುವುದು ಒಳ್ಳೆಯ ಕೈಯ ಗುರುತು. ನಾಲ್ಕಾರು ಪದರಕ್ಕೆ ಸೂಜಿ ತಳ್ಳುವ ನಡುಬೆರಳಿಗೆ ಅಂಗುಸ್ತಾನ ಬೇಕೇ ಬೇಕು. ಹಲವರು ಅದರ ಬದಲು ಬಟ್ಟೆಯ ಚೂರು ಸುತ್ತಿಕೊಳ್ಳುತ್ತಾರೆ.

ಸುಗ್ಗಿ ಮುಗಿದು ಹೊಲದ ಕೆಲಸ ಕಡಿಮೆಯಾಗುವ ಬೇಸಿಗೆ ಕೌದಿಯ ಕಾಲ. ಒಬ್ಬರೇ ಬಿಡುವಿನಲ್ಲಿ ಹೊಲಿದರೆ ವಾರಗಟ್ಟಲೆ ಹಿಡಿಯುವ ಕೆಲಸ, ನಾಲ್ಕು ಮಂದಿ ನಾಲ್ಕು ಕಡೆ ಕೂತರೆ ಬೇಗ ಮುಗಿಯುತ್ತದೆ. ಓಣಿಯ ಹೆಂಗಸರು ಇಂದು ನಿನ್ನ ಕೌದಿ, ನಾಳೆ ನನ್ನದು ಎಂಬ ಲೆಕ್ಕದಲ್ಲಿ ಕೂಡಿ ಹೊಲಿಯುವುದು, ಹಾಡು, ಒಗಟು, ಊರ ಸುದ್ದಿ ಎಲ್ಲವೂ ಅಲ್ಲೇ ಆಗುವುದು ಹಳ್ಳಿಗಳಲ್ಲಿ ಇನ್ನೂ ನಿಂತಿಲ್ಲ. ಹೊಲಿಯಲು ಪುರುಸೊತ್ತಿಲ್ಲದ ಮನೆಗಳಿಗಾಗಿ ಕೂಲಿಗೆ ಹೊಲಿದುಕೊಡುವವರೂ ಇದ್ದಾರೆ. ಗೊಂದಲಿಗರು ಮೊದಲಾದ ಅಲೆಮಾರಿ ಸಮುದಾಯಗಳ ಹೆಂಗಸರು ಊರೂರು ತಿರುಗಿ, ಮನೆಯವರು ಕೊಟ್ಟ ಬಟ್ಟೆಯಲ್ಲಿ ಕೌದಿ ಹೊಲಿದು ಹಣ ಅಥವಾ ಕಾಳು ಪಡೆಯುತ್ತಿದ್ದರು. ಕೆಲವೆಡೆ ಕೊನೆಯ ಮೂಲೆ ಮುಚ್ಚುವ ಮುನ್ನ ರೊಟ್ಟಿಯ ಚೂರನ್ನೋ ನಾಲ್ಕು ಕಾಳನ್ನೋ ಒಳಗಿಡುತ್ತಾರೆ; ಕೌದಿಯ ಹೊಟ್ಟೆ ಹಸಿದಿರಬಾರದು, ಹೊದ್ದವರ ಹೊಟ್ಟೆಯೂ ಹಸಿಯಬಾರದು ಎಂಬುದು ಅದರ ಹಿಂದಿನ ಭಾವನೆ. ಚಿಂದಿಯಿಂದ ಚೆಂದದ ವಸ್ತು ಮಾಡುವ ಈ ಕೈಚಳಕ ಕೌದಿಗೆ ಮಾತ್ರ ನಿಲ್ಲಲಿಲ್ಲ. ಮಕ್ಕಳ ಕುಲಾಯಿ ಮತ್ತು ಕುಂಚಿಗೆ, ಎಲೆ ಅಡಿಕೆಯ ಸಂಚಿ, ಕಾರಹುಣ್ಣಿಮೆಗೆ ಎತ್ತಿನ ಬೆನ್ನಿಗೆ ಹೊದಿಸುವ ಝೂಲ ಇವೆಲ್ಲ ಅದೇ ಕೈಗಳ ಕೆಲಸ.

ಕರ್ನಾಟಕದ ಕೌದಿಗಳಲ್ಲಿ ಹೊರಜಗತ್ತಿಗೆ ಹೆಚ್ಚು ಪರಿಚಯವಾದದ್ದು ಉತ್ತರ ಕನ್ನಡದ ಸಿದ್ದಿಗಳ ಕೌದಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ತಾಲೂಕುಗಳ ಕಾಡಂಚಿನ ಊರುಗಳಲ್ಲಿ ಇರುವ ಸಿದ್ದಿಗಳು ಆಫ್ರಿಕಾ ಮೂಲದವರು. ಅವರ ಪೂರ್ವಜರಲ್ಲಿ ಹಲವರನ್ನು ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದಿದ್ದರು. ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿದರು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಕೌದಿ ಹೊಲಿಯುವ ರೀತಿ ಮಾತ್ರ ಮೂವರಲ್ಲೂ ಒಂದೇ.

ಸಿದ್ದಿ ಹೆಂಗಸರು ತುಂಡುಗಳನ್ನು ಮೊದಲೇ ಒಂದಕ್ಕೊಂದು ಜೋಡಿಸಿಟ್ಟುಕೊಳ್ಳುವುದಿಲ್ಲ. ಅಡಿಯ ಸೀರೆಯ ಒಂದು ಮೂಲೆಯಿಂದ ತೊಡಗಿ, ತುಂಡನ್ನು ನೇರವಾಗಿ ಅದರ ಮೇಲೆಯೇ ಇಟ್ಟು ಹೊಲಿಯುತ್ತ ಅಂಚಿನ ಸುತ್ತ ಹೋಗುತ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು. ಹೊಲಿಗೆ ಹೀಗೆ ಸುತ್ತುತ್ತ ಒಳಕ್ಕೆ ಸರಿದು ನಡುವಿನಲ್ಲಿ ಮುಗಿಯುತ್ತದೆ. ನಕ್ಷೆ ಬರೆದುಕೊಳ್ಳುವುದಿಲ್ಲ, ಕೈಗೆ ಸಿಕ್ಕ ತುಂಡಿನ ಬಣ್ಣ ಮತ್ತು ಅಳತೆ ಮುಂದಿನ ತುಂಡನ್ನು ತೀರ್ಮಾನಿಸುತ್ತದೆ. ಹೀಗಾಗಿ ಚೌಕಗಳು ಸರಿಯಾಗಿ ಚೌಕವಾಗಿರುವುದಿಲ್ಲ, ಸಾಲುಗಳು ಓರೆಯಾಗುತ್ತವೆ. ಈ ಕೌದಿಗಳ ಜೀವ ಇರುವುದೂ ಅಲ್ಲಿಯೇ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ, ಪದರದ ಮೇಲೆ ಪದರ ಕೂರಿಸಿ ಮಾಡುವ ಎಸಳಿಗೆ ಫೂಲ ಎನ್ನುತ್ತಾರೆ. ಫೂಲವಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಮಾತು. ಕ್ರೈಸ್ತ ಸಿದ್ದಿಗಳ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳ ಕೌದಿಯಲ್ಲಿ ಅರ್ಧಚಂದ್ರ ಬರುವುದುಂಟು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿ ಬರೆದರು. ಹೆಂಗಸರ ಸಹಕಾರಿ ಗುಂಪೊಂದು ರೂಪುಗೊಳ್ಳಲೂ ಅವರು ನೆರವಾದರು. ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು.

ಲಂಬಾಣಿ ತಾಂಡಾಗಳ ದಾರಿ ಬೇರೆ. ಅವರ ಬಟ್ಟೆ ಕೆಲಸದಲ್ಲಿ ಕಸೂತಿ, ಕನ್ನಡಿ, ಕವಡೆ ಮೇಲುಗೈ ಪಡೆದಿವೆ. ಆದರೂ ಹಲವು ಪದರ ಬಟ್ಟೆಯನ್ನು ದಟ್ಟವಾಗಿ ಹೊಲಿದು ಗಟ್ಟಿ ಮಾಡಿಕೊಂಡ ಚೀಲ, ಸಂಚಿ, ಹೊದಿಕೆಗಳು ಅವರಲ್ಲೂ ಇವೆ. ಬಳ್ಳಾರಿ ಜಿಲ್ಲೆಯ ಸಂಡೂರು ಕುಶಲ ಕಲಾ ಕೇಂದ್ರ ಈ ಕೆಲಸಕ್ಕೆ ಮಾರುಕಟ್ಟೆ ಒದಗಿಸಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ.

ಭಾರತದ ಇತರ ಪ್ರದೇಶಗಳಲ್ಲಿ ಬಂಗಾಳದ ಕಾಂಥಾ ಎಲ್ಲಕ್ಕಿಂತ ಹೆಸರಾಗಿದೆ. ಕೌದಿಯಲ್ಲಿ ಚಿತ್ತಾರ ಹುಟ್ಟುವುದು ಬಟ್ಟೆಯ ತುಂಡುಗಳಿಂದ, ಕಾಂಥಾದಲ್ಲಿ ದಾರದಿಂದ. ಮಾಸಿದ ಬಿಳಿ ಸೀರೆಗಳ ಪದರಗಳ ಮೇಲೆ ತಾವರೆ, ಜೀವವೃಕ್ಷ, ರಥ, ಮೀನು, ದಿನಬಳಕೆಯ ಸಾಮಾನುಗಳನ್ನು ಹಳೆಯ ಸೀರೆಯಂಚಿನಿಂದ ಬಿಡಿಸಿದ ಬಣ್ಣದ ಎಳೆಗಳಿಂದಲೇ ಹೊಲಿಯುತ್ತಿದ್ದರು. ಕೃಷ್ಣದಾಸ ಕವಿರಾಜರ ಚೈತನ್ಯ ಚರಿತಾಮೃತದಲ್ಲಿ ಕಾಂಥಾದ ಉಲ್ಲೇಖವಿದೆ. ಕೋಲ್ಕತ್ತದ ಗುರುಸದಯ್ ವಸ್ತುಸಂಗ್ರಹಾಲಯ, ಅಮೆರಿಕದ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯಗಳಲ್ಲಿ ಹಳೆಯ ಕಾಂಥಾಗಳಿವೆ. ಬಿಹಾರದ ಮುಜಫ್ಫರಪುರ ಜಿಲ್ಲೆಯ ಭುಸುರಾ ಗ್ರಾಮದ ಸುಜನಿಗಳಲ್ಲಿ ವರದಕ್ಷಿಣೆ, ಹೆಣ್ಣುಮಕ್ಕಳ ಓದು ಮೊದಲಾದ ಇಂದಿನ ವಿಷಯಗಳೂ ಚಿತ್ರಗಳಾಗಿವೆ. ಜೈಪುರದ ರಜಾಯಿ ತೆಳು ಬಟ್ಟೆಯೊಳಗೆ ನುಣ್ಣಗೆ ಹಿಂಜಿದ ಹತ್ತಿ ತುಂಬಿದ್ದು. ಕೌದಿಯ ಬಂಧುವಾದರೂ ಹುಟ್ಟಿನಲ್ಲಿ ಬೇರೆ.

ತುಂಡು ಬಟ್ಟೆ ಜೋಡಿಸಿ ಉಡುವುದಕ್ಕೆ ಈ ದೇಶದಲ್ಲಿ ಧಾರ್ಮಿಕ ಗೌರವವೂ ಇತ್ತು. ಬೌದ್ಧ ವಿನಯಪಿಟಕದ ಪ್ರಕಾರ ಮಗಧದ ಗದ್ದೆಗಳ ಬದುಗಳಂತೆ ಕಾಣುವ ಹಾಗೆ ಚೀವರವನ್ನು ತುಂಡುಗಳಿಂದ ಹೊಲಿಯಲು ಬುದ್ಧ ಆನಂದನಿಗೆ ಹೇಳಿದ. ಸೂಫಿ ಸಂತರ ತೇಪೆಯ ನಿಲುವಂಗಿ, ಅವಧೂತರ ಕಂಥೆ ಇದೇ ಸಾಲಿನವು. ಬಡತನದ ಗುರುತಾದ ತೇಪೆಯನ್ನು ವೈರಾಗ್ಯದ ಗುರುತಾಗಿ ಬೇಕೆಂದೇ ತೊಟ್ಟವರು ಇವರು.

ಪದರ ಸೇರಿಸಿ ಹೊಲಿಯುವ ವಿದ್ಯೆ ಯಾವ ಒಂದು ದೇಶದ ಸ್ವತ್ತೂ ಅಲ್ಲ. ಮಂಗೋಲಿಯಾದ ನೋಯಿನ್ ಉಲಾ ಸಮಾಧಿಗಳಲ್ಲಿ ರಷ್ಯಾದ ಕೊಜ್ಲೊವ್ ತಂಡ 1924ರ ಹೊತ್ತಿಗೆ ಅಗೆದಾಗ ಸುಮಾರು 2000 ವರ್ಷ ಹಿಂದಿನ, ಪದರ ಸೇರಿಸಿ ಹೊಲಿದ ನೆಲಹಾಸು ಸಿಕ್ಕಿತು. 14ನೇ ಶತಮಾನದಲ್ಲಿ ಸಿಸಿಲಿಯಲ್ಲಿ ತಯಾರಾದ, ಟ್ರಿಸ್ಟನ್ ಕಥೆಯ ದೃಶ್ಯಗಳಿರುವ ನಾರುಬಟ್ಟೆಯ ಹೊದಿಕೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಜಪಾನಿನ ಚಳಿ ಪ್ರದೇಶಗಳಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಅಲ್ಲಿನ ಬಡ ರೈತರು ಹತ್ತಿಯ ಒಂದೊಂದು ಚೂರನ್ನೂ ಜೋಪಾನ ಮಾಡಿ ತೇಪೆಯ ಮೇಲೆ ತೇಪೆ ಹಾಕಿದ ಬೋರೊ ಬಟ್ಟೆಗಳು ಈಗ ಸಂಗ್ರಾಹಕರ ಕೈಯಲ್ಲಿ ಭಾರಿ ಬೆಲೆ ಪಡೆದಿವೆ.

ಯುರೋಪಿನ ಕ್ವಿಲ್ಟ್ ಕಲೆಯ ಚರಿತ್ರೆಯಲ್ಲಿ ಭಾರತದ ಬಟ್ಟೆಗೆ ದೊಡ್ಡ ಪಾಲಿದೆ. 16 ಮತ್ತು 17ನೇ ಶತಮಾನಗಳಲ್ಲಿ ಬಂಗಾಳದ ಸಾತ್‌ಗಾಂವ್‌ನಿಂದ ಹಳದಿ ಟಸರ್ ರೇಷ್ಮೆಯ ಕಸೂತಿಯ ಹೊದಿಕೆಗಳನ್ನು ಪೋರ್ಚುಗೀಸರು ಒಯ್ದರು. ಅವುಗಳ ಬೆನ್ನಿಗೇ ಕೋರಮಂಡಲ ತೀರದ ಚಿಂಟ್ಸ್ ಬಂತು. ಒಗೆದರೂ ಹೋಗದ ಬಣ್ಣದ, ಹೂಬಳ್ಳಿಯ ಹತ್ತಿ ಬಟ್ಟೆಯನ್ನು ಯುರೋಪು ಅಲ್ಲಿಯವರೆಗೆ ಕಂಡಿರಲಿಲ್ಲ. ಬೇಡಿಕೆ ಎಷ್ಟು ಏರಿತೆಂದರೆ ತಮ್ಮ ನೇಕಾರರು ಉಳಿಯಲಿ ಎಂದು ಫ್ರಾನ್ಸ್ 1686ರಲ್ಲಿ, ಇಂಗ್ಲೆಂಡ್ 1700 ಮತ್ತು 1721ರಲ್ಲಿ ಇದಕ್ಕೆ ನಿರ್ಬಂಧ ಹೇರಿದವು. ಮನೆಯಲ್ಲಿದ್ದ ಚಿಂಟ್ಸ್‌ನ ಚೂರೂ ಆಗ ಬೆಲೆಬಾಳುವ ವಸ್ತುವಾಯಿತು. ಅದರ ಹೂವು, ಹಕ್ಕಿಗಳನ್ನು ಕತ್ತರಿಸಿ ಸಾದಾ ಬಟ್ಟೆಯ ಮೇಲೆ ಕೂರಿಸಿ ಹೊಲಿಯುವ ಪದ್ಧತಿ ಅಲ್ಲಿ ಬೆಳೆಯಿತು. ತುಂಡುಗಳಿಗೆ ಒಂದೇ ಆಕಾರ ಬರಲೆಂದು ಹಳೆಯ ಪತ್ರ, ಲೆಕ್ಕದ ಹಾಳೆಗಳನ್ನು ಷಟ್ಕೋನವಾಗಿ ಕತ್ತರಿಸಿ ಅದಕ್ಕೆ ಬಟ್ಟೆ ಸುತ್ತುತ್ತಿದ್ದರು. ಹೊದಿಕೆಯೊಳಗೆ ಉಳಿದುಬಿಟ್ಟ ಅಂಥ ಕಾಗದಗಳಿಂದ ಅದರ ಕಾಲ ಗುರುತಿಸಿದ್ದುಂಟು.

ಅಮೆರಿಕದಲ್ಲಿ ಕ್ವಿಲ್ಟ್ ಮನೆಗೆಲಸದಿಂದ ರಾಷ್ಟ್ರೀಯ ಕಲೆಯ ಮಟ್ಟಕ್ಕೆ ಏರಿತು. ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ 1880ರ ದಶಕದಲ್ಲಿ ಹೊಲಿದ ಬೈಬಲ್ ಕಥೆಗಳ ಹೊದಿಕೆ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಹಿಟ್ಟು ಮತ್ತು ಪಶು ಆಹಾರದ ಹತ್ತಿ ಚೀಲಗಳೇ ಹೆಂಗಸರ ಬಟ್ಟೆ ಅಂಗಡಿಯಾದವು. ಇದನ್ನು ಅರಿತ ಕಂಪನಿಗಳು ಚೀಲಕ್ಕೆ ಹೂವಿನ ಅಚ್ಚು ಹಾಕಿಸತೊಡಗಿದವು. ಯಾವ ಹಿಟ್ಟು ಕೊಳ್ಳಬೇಕೆಂಬುದನ್ನು ಚೀಲದ ಬಟ್ಟೆ ನೋಡಿ ತೀರ್ಮಾನಿಸುವ ಕಾಲ ಅದು. ಅಲಬಾಮಾ ನದಿಯ ತಿರುವಿನಲ್ಲಿರುವ ಗೀಸ್ ಬೆಂಡ್ ಎಂಬ ಊರಿನ ಆಫ್ರಿಕನ್ ಅಮೆರಿಕನ್ ಹೆಂಗಸರು ಹೊಲದಲ್ಲಿ ದುಡಿದು ಸವೆದ ಪ್ಯಾಂಟು, ಅಂಗಿಗಳಿಂದ ಹೊದಿಕೆ ಹೊಲಿಯುತ್ತಿದ್ದರು. ಆ ಭಾಗದಲ್ಲಿ 1966ರಲ್ಲಿ ಆರಂಭವಾದ ಸಹಕಾರಿ ಸಂಘಕ್ಕೆ 1972ರಲ್ಲಿ ಸಿಯರ್ಸ್ ಕಂಪನಿಯಿಂದ ಕಾರ್ಡುರಾಯ್ ದಿಂಬಿನ ಚೀಲಗಳನ್ನು ಹೊಲಿಯುವ ಗುತ್ತಿಗೆ ಸಿಕ್ಕಿತು. ಉಳಿದ ಕಾರ್ಡುರಾಯ್ ಚೂರುಗಳು ಮನೆ ಸೇರಿ ಹೊಸ ಬಗೆಯ ಹೊದಿಕೆಗಳಾದವು. 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಸಂಗ್ರಹಾಲಯ ಇವುಗಳ ಪ್ರದರ್ಶನ ಏರ್ಪಡಿಸಿತು, 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಇವುಗಳ ಚಿತ್ರವಿರುವ ಹತ್ತು ಅಂಚೆಚೀಟಿಗಳನ್ನು ಹೊರಡಿಸಿತು. ಗೀಸ್ ಬೆಂಡ್ ಹೊದಿಕೆಗೂ ಸಿದ್ದಿ ಕೌದಿಗೂ ಇರುವ ಹೋಲಿಕೆ ಕಣ್ಣಿಗೆ ಹೊಡೆದು ಕಾಣುತ್ತದೆ. ಅದಕ್ಕೆ ಆಫ್ರಿಕಾದ ರಕ್ತವೇ ಕಾರಣವೆಂದು ಹೇಳಿಬಿಡುವುದು ಅವಸರದ ಮಾತು. ಸಿದ್ದಿಗಳ ನೆರೆಯ ಇತರರೂ ಕೌದಿ ಹೊಲಿಯುತ್ತಾರೆ, ಇದ್ದಬದ್ದ ಬಟ್ಟೆಯಲ್ಲಿ ನಕ್ಷೆಯಿಲ್ಲದೆ ಹೊಲಿಯುವವರ ಕೆಲಸ ಎಲ್ಲ ಕಡೆಯೂ ಸ್ವಲ್ಪ ಹೀಗೆಯೇ ಇರುತ್ತದೆ.

ಹೊದೆಯುವುದಕ್ಕಲ್ಲದೆ ನೆನಪಿಗಾಗಿಯೇ ಮಾಡಿದವುಗಳಲ್ಲಿ ಏಡ್ಸ್ ಸ್ಮಾರಕ ಕ್ವಿಲ್ಟ್ ದೊಡ್ಡದು. ತೀರಿಕೊಂಡ ಒಬ್ಬೊಬ್ಬರಿಗೂ ಮೂರು ಅಡಿ ಅಗಲ, ಆರು ಅಡಿ ಉದ್ದದ ಒಂದೊಂದು ಫಲಕ. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನಲ್ಲಿ ಮೊದಲ ಬಾರಿ ಹಾಸಿದಾಗ ಅದರಲ್ಲಿ 1,920 ಫಲಕಗಳಿದ್ದವು.

ಇತ್ತ ಕರ್ನಾಟಕದಲ್ಲಿ ಕೌದಿಯ ಬಳಕೆ ಕಡಿಮೆಯಾಗಲು ಗಿರಣಿಯ ರಗ್ಗು, ಫೋಮ್ ಹಾಸಿಗೆಗಳಷ್ಟೇ ಉಡುಗೆಯ ಬದಲಾವಣೆಯೂ ಕಾರಣ. ಮನೆಯಲ್ಲಿ ಹತ್ತಿ ಸೀರೆ, ಧೋತರ ಉಡುವವರು ಇಲ್ಲವಾದರೆ ಗಂಟಿಗೆ ಬೀಳುವುದು ಪಾಲಿಯೆಸ್ಟರ್ ಮಾತ್ರ. ಇನ್ನೊಂದು ಕಡೆ ನಗರದವರ ಆಸಕ್ತಿ ಹೆಚ್ಚಿದೆ. ಮಹಿಳಾ ಸಂಘಗಳು ದಿಂಬಿನ ಚೀಲ, ಕೈಚೀಲ, ಗೋಡೆಯ ಹಾಸುಗಳ ರೂಪದಲ್ಲಿ ಕೌದಿಯನ್ನು ಮಾರುತ್ತಿವೆ. ಮಾರಾಟದ ಕೌದಿಗೆ ಹೊಸ ಬಟ್ಟೆ ಕೊಂಡು, ಎಲ್ಲ ತುಂಡುಗಳನ್ನೂ ಒಂದೇ ಅಳತೆಗೆ ಕತ್ತರಿಸುವ ರೂಢಿ ಬಂದಿದೆ. ಹೊಲಿಯುವವರಿಗೆ ಕೂಲಿ ಸಿಗುವುದರಿಂದ ಇದನ್ನು ಹಳಿಯುವಂತಿಲ್ಲ. ಆದರೆ ಹೊಸ ಬಟ್ಟೆಯ ಚೂರುಗಳ ಅಚ್ಚುಕಟ್ಟಾದ ಕೌದಿಗಿಂತ ಹಳೆಯ ಸೀರೆಯ ಓರೆಕೋರೆ ಕೌದಿಯೇ ಮೈಗೂ ಹಿತ, ಕಣ್ಣಿಗೂ ಹಿತ.

ಕೌದಿಯನ್ನು ತಣ್ಣೀರಿನಲ್ಲಿ ನೆನೆಸಿ, ಸಾದಾ ಸಾಬೂನಿನಲ್ಲಿ ಒಗೆಯಬೇಕು. ನೀರು ಹೀರಿದ ಕೌದಿ ಬಲು ಭಾರ. ಒಂದೇ ಹಗ್ಗಕ್ಕೆ ನೇತುಹಾಕಿದರೆ ಹೊಲಿಗೆ ಜಗ್ಗುತ್ತದೆ, ಆದ್ದರಿಂದ ಬೇಲಿಯ ಮೇಲೋ ಕಟ್ಟೆಯ ಮೇಲೋ ಹರಡಿ ಒಣಗಿಸುತ್ತಾರೆ. ಒಳಪದರದ ತೇವ ಆರದೆ ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತದೆ. ಎತ್ತಿಡುವಾಗ ನಡುವೆ ಬೇವಿನ ಎಲೆ ಇಡುವುದು, ಆಗಾಗ ಬಿಚ್ಚಿ ಬೇರೆ ಗೆರೆಗೆ ಮಡಿಸುವುದು ಒಳ್ಳೆಯದು. ಮೇಲಿನ ಬಟ್ಟೆ ಹರಿದ ಕೌದಿಯನ್ನು ಬಿಸಾಡುವುದಿಲ್ಲ, ಅದರ ಎರಡೂ ಮುಖಕ್ಕೆ ಮತ್ತೊಂದು ಸೀರೆ ಹೊದಿಸಿ ಹೊಲಿಯುತ್ತಾರೆ. ಹೀಗೆ ಎರಡು ಮೂರು ಸಲ ಹೊಲಿಸಿಕೊಂಡ ಕೌದಿಗಳು ಹಳ್ಳಿಯ ಮನೆಗಳಲ್ಲಿ ಈಗಲೂ ಬಳಕೆಯಲ್ಲಿವೆ.